ಆರೇ ವರ್ಣತಂತುಗಳ ಕಾಡುಕುರಿ

ಕುದುರೆಮುಖ, ಭದ್ರಾ, ನಾಗರಹೊಳೆಯ ಕಾಡಂಚಿನ ಜನಕ್ಕೆ ಕಾಡುಕುರಿ ಹೊಸದಲ್ಲ. ಜಿಂಕೆಯ ಕುಲಕ್ಕೆ ಸೇರಿದ ಈ ಪ್ರಾಣಿಯ ಕೂಗು ಮಾತ್ರ ಥೇಟ್ ನಾಯಿಯದು. ಹುಲಿಯೋ ಚಿರತೆಯೋ ಸುಳಿದಾಡಿದರೆ ಪೊದೆಯ ಮರೆಯಲ್ಲಿ ನಿಂತು ಬಿಟ್ಟುಬಿಟ್ಟು ಬೊಗಳುತ್ತದೆ. ಗಂಡಿಗೆ ಪುಟ್ಟ ಕೊಂಬು, ತುಟಿಯಾಚೆ ಇಣುಕುವ ಕೋರೆಹಲ್ಲು. ಗಾತ್ರದಲ್ಲಿ ಮೇಕೆಯಷ್ಟೇ. ಹೆಚ್ಚಾಗಿ ಒಂಟಿಯಾಗಿ ತಿರುಗುತ್ತ ಚಿಗುರು, ಉದುರಿದ ಹಣ್ಣು ತಿಂದುಕೊಂಡಿರುತ್ತದೆ. ಆನೆ, ಹುಲಿ ನೋಡಲು ಸಫಾರಿಗೆ ಬಂದವರು ಇದರತ್ತ ಕ್ಯಾಮೆರಾ ತಿರುಗಿಸುವುದೂ ಕಡಿಮೆ. ಆದರೆ ತಳಿವಿಜ್ಞಾನಿಗಳ ಕಣ್ಣಿಗೆ ಇದು ಕಾಡಿನ ಬೇರೆಲ್ಲ ಪ್ರಾಣಿಗಳಿಗಿಂತ ವಿಚಿತ್ರ. ಸಸ್ತನಿಗಳ ಪೈಕಿ ಅತಿ ಕಡಿಮೆ ವರ್ಣತಂತುಗಳ ದಾಖಲೆ ಇದರ ಹೆಸರಿನಲ್ಲಿದೆ.

ವರ್ಣತಂತು, ಅಂದರೆ ಕ್ರೋಮೋಸೋಮ್, ಒಂದು ಉದ್ದನೆಯ ಡಿಎನ್‌ಎ ಎಳೆ. ಪ್ರೋಟೀನುಗಳ ಸುತ್ತ ಸುತ್ತಿಕೊಂಡು ಜೀವಕೋಶದ ಕೇಂದ್ರದಲ್ಲಿ ಮುದುಡಿ ಕೂತಿರುತ್ತದೆ. ನಮ್ಮ ಒಂದೊಂದು ಜೀವಕೋಶದಲ್ಲೂ ಇಂಥವು 46. ತಾಯಿಯಿಂದ 23, ತಂದೆಯಿಂದ 23. ಹಸುವಿಗೆ 60, ನಮ್ಮ ಕೊಟ್ಟಿಗೆಯ ಎಮ್ಮೆಗೆ 50, ಕುದುರೆಗೆ 64, ನಾಯಿಗೆ 78. ಕಾಡುಕುರಿಗೆ? ಹೆಣ್ಣಿಗೆ 6, ಗಂಡಿಗೆ 7.

ಇದನ್ನು ಡೋರಿಸ್ ವುರ್ಸ್ಟರ್ ಮತ್ತು ಕರ್ಟ್ ಬೆನಿರ್ಷ್ಕೆ 1970ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಲೆಕ್ಕ ಅಷ್ಟು ತಡವಾಗಿ ಸಿಕ್ಕಿದ್ದರಲ್ಲಿ ಅಚ್ಚರಿಯಿಲ್ಲ. ಮನುಷ್ಯರ ವರ್ಣತಂತುಗಳನ್ನೇ ವಿಜ್ಞಾನಿಗಳು ದಶಕಗಳ ಕಾಲ ತಪ್ಪಾಗಿ ಎಣಿಸಿದ್ದರು. 1923ರಲ್ಲಿ ಥಿಯೋಫಿಲಸ್ ಪೇಂಟರ್ 48 ಎಂದಿದ್ದೇ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಅದನ್ನು 46ಕ್ಕೆ ತಿದ್ದಿದ್ದು 1956ರಲ್ಲಿ, ಜೋ ಹಿನ್ ತ್ಜಿಯೋ ಮತ್ತು ಆಲ್ಬರ್ಟ್ ಲೆವಾನ್. ಅಷ್ಟರಲ್ಲಿ ಎಣಿಸುವ ವಿಧಾನ ಸುಧಾರಿಸಿತ್ತು. ಜೀವಕೋಶ ಇಬ್ಭಾಗವಾಗುವ ಹೊತ್ತಿಗೆ ವರ್ಣತಂತುಗಳು ದಪ್ಪಗಾಗಿ ಕಣ್ಣಿಗೆ ಬೀಳುತ್ತವೆ. ಆಗ ಕಾಲ್ಚಿಸಿನ್ ಹಾಕಿ ವಿಭಜನೆಯನ್ನು ಅಲ್ಲೇ ತಡೆಯಬೇಕು. ನಮ್ಮ ಬೇಲಿಗಳಲ್ಲಿ ಬೆಳೆಯುವ ಗೌರಿಹೂವಿನ ಗೆಡ್ಡೆಯಲ್ಲಿರುವ ವಿಷವೂ ಇದೇ. ಆಮೇಲೆ ಉಪ್ಪಿನಂಶ ಕಡಿಮೆಯಿರುವ ದ್ರಾವಣದಲ್ಲಿ ಕೋಶವನ್ನು ಉಬ್ಬಿಸಿದರೆ ಒಂದರ ಮೇಲೊಂದು ಬಿದ್ದಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಎಣಿಸುವುದಷ್ಟೇ ಬಾಕಿ.

ಕಾಡುಕುರಿಯ ಲೆಕ್ಕಕ್ಕಿಂತ ತಲೆ ತಿನ್ನುವಂಥದ್ದು ಅದರ ದಾಯಾದಿಯದು. ಚೀನೀ ಕಾಡುಕುರಿಯ ರೂಪ, ಬೊಗಳುವ ಚಾಳಿ ಎರಡೂ ಹೆಚ್ಚುಕಡಿಮೆ ಇದರಂತೆಯೇ. ಇವೆರಡರ ವಂಶ ಬೇರೆಯಾಗಿ ಸುಮಾರು 50 ಲಕ್ಷ ವರ್ಷವಾಗಿರಬಹುದು. ವಿಕಾಸದ ಲೆಕ್ಕದಲ್ಲಿ ಅದು ದೊಡ್ಡ ಅವಧಿಯಲ್ಲ. ಆದರೆ ಚೀನೀ ಕಾಡುಕುರಿಗೆ 46 ವರ್ಣತಂತು. ಹಾಗಾದರೆ ಮಿಕ್ಕ 40 ಎಲ್ಲಿ ಹೋದವು?

ಎಲ್ಲಿಗೂ ಹೋಗಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿದೆ. ಯಾರೋ ಅದನ್ನು ಬೈಂಡರ್ ಬಳಿ ಒಯ್ದು ಎರಡೇ ಸಂಪುಟವಾಗಿ ಹೊಲಿಸಿದರೆ ಕನ್ನಡದ ಪದಗಳೇನೂ ಕಡಿಮೆಯಾಗುವುದಿಲ್ಲ. ಕಾಡುಕುರಿಯಲ್ಲಿ ಆಗಿರುವುದೂ ಅಷ್ಟೇ. ಅದರ ಪೂರ್ವಜರ ಸಣ್ಣ ವರ್ಣತಂತುಗಳು ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಕೊಂಡು ಉದ್ದುದ್ದವಾಗಿವೆ. ಎರಡೂ ಕಾಡುಕುರಿಗಳ ಡಿಎನ್‌ಎ ಪೂರ್ತಿ ಓದಿ ಪಕ್ಕಪಕ್ಕ ಇಟ್ಟು ನೋಡಿದಾಗ ಜೀನ್‌ಗಳ ಸಾಲು ಬಹುಮಟ್ಟಿಗೆ ಹಾಗೇ ಇರುವುದು ಕಂಡಿತು. ಹೀಗಾಗಿ ಒಂದೊಂದು ವರ್ಣತಂತುವಿನ ಉದ್ದ ದಂಗುಬಡಿಸುವಂತಿದೆ: ಮನುಷ್ಯರ ಅತಿ ದೊಡ್ಡ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಡಿಎನ್‌ಎ ಅಕ್ಷರಗಳಿದ್ದರೆ ಕಾಡುಕುರಿಯ ಅತಿ ದೊಡ್ಡದರಲ್ಲಿ 100 ಕೋಟಿಯ ಆಸುಪಾಸು.

ವರ್ಣತಂತುಗಳ ಸಂಖ್ಯೆಗೂ ಜೀವಿಯ ಬುದ್ಧಿ, ಗಾತ್ರಗಳಿಗೂ ಸಂಬಂಧವಿಲ್ಲ ಎನ್ನಲು ಬೇರೆ ಸಾಕ್ಷಿಗಳೂ ಇವೆ. ಆಲೂಗಡ್ಡೆಗೆ 48, ನಮಗಿಂತ ಎರಡು ಹೆಚ್ಚು. ಆಸ್ಟ್ರೇಲಿಯಾದ ಒಂದು ಜಾತಿಯ ಜ್ಯಾಕ್ ಜಂಪರ್ ಇರುವೆಯ ಗಂಡಿಗೆ ಇರುವುದು ಒಂದೇ ಒಂದು. ಇನ್ನೊಂದು ತುದಿಯಲ್ಲಿ ಓಫಿಯೋಗ್ಲಾಸಮ್ ಎಂಬ ಪುಟ್ಟ ಜರೀಗಿಡವಿದೆ. ಕೇರಳದ ವಿಜ್ಞಾನಿಗಳಾದ ಅಬ್ರಹಾಂ ಮತ್ತು ನೈನಾನ್ ಅದರಲ್ಲಿ ಸಾವಿರಕ್ಕೂ ಹೆಚ್ಚು ವರ್ಣತಂತುಗಳಿವೆ ಎಂದು 1954ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು.

ಆದರೆ ವರ್ಣತಂತುಗಳು ಸುಮ್ಮಸುಮ್ಮನೆ ಅಂಟಿಕೊಳ್ಳುವುದಿಲ್ಲ. ಪ್ರತಿಯೊಂದರ ಎರಡೂ ತುದಿಗಳಲ್ಲಿ ಟೆಲೊಮಿಯರ್ ಎಂಬ ಕಾವಲಿದೆ. ಒಂದೇ ಆರಕ್ಷರದ ಸಾಲು ಸಾವಿರಾರು ಸಲ ಮರುಕಳಿಸುವ ಭಾಗ ಅದು. ಅದು ತುಂಡಾದರೆ ಅಥವಾ ಸವೆದುಹೋದರೆ ಬರಿದಾದ ತುದಿಯನ್ನು ಜೀವಕೋಶ ಗಾಯವೆಂದೇ ತಿಳಿಯುತ್ತದೆ. ರಿಪೇರಿಯ ಭರದಲ್ಲಿ ಪಕ್ಕದಲ್ಲಿ ಸಿಕ್ಕ ಇನ್ನೊಂದು ತುದಿಗೆ ಬೆಸೆದುಬಿಡುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕೋಶ ವಿಭಜನೆಯ ವೇಳೆ ವರ್ಣತಂತುವನ್ನು ಹಿಡಿದೆಳೆಯಲು ಸೆಂಟ್ರೊಮಿಯರ್ ಎಂಬ ಒಂದು ಹಿಡಿಕೆ ಇರುತ್ತದೆ. ಎರಡು ವರ್ಣತಂತು ಒಂದಾದಾಗ ಎರಡು ಹಿಡಿಕೆಗಳಾಗಿ, ಒಂದನ್ನು ಅತ್ತ, ಇನ್ನೊಂದನ್ನು ಇತ್ತ ಎಳೆದರೆ ನಡುವೆ ಹರಿದೇಹೋಗುತ್ತದೆ. ಅದರಲ್ಲೊಂದು ನಾಶವಾದರೆ ಅಥವಾ ಕೆಲಸ ನಿಲ್ಲಿಸಿದರೆ ಮಾತ್ರ ಬೆಸುಗೆ ಉಳಿಯುತ್ತದೆ. ಕಾಡುಕುರಿಯ ವರ್ಣತಂತುಗಳ ನಟ್ಟನಡುವೆ, ಬೆಸುಗೆಯಾದ ಕಡೆಗಳಲ್ಲಿ, ಹಳೆಯ ಟೆಲೊಮಿಯರ್ ಮತ್ತು ಸೆಂಟ್ರೊಮಿಯರ್‌ಗಳ ಪಳೆಯುಳಿಕೆಗಳು ಇಂದಿಗೂ ಸಿಗುತ್ತವೆ.

ಗಂಡಿಗೆ ಒಂದು ಹೆಚ್ಚಾದ ಗುಟ್ಟೂ ಬೆಸುಗೆಯಲ್ಲೇ ಇದೆ. ಲಿಂಗ ನಿರ್ಧರಿಸುವ ಎಕ್ಸ್ ವರ್ಣತಂತು ಇಲ್ಲಿ ಮೂರನೆಯ ವರ್ಣತಂತುವಿಗೆ ಅಂಟಿದೆ. ಹೆಣ್ಣಿನಲ್ಲಿ ಇಂಥ ಜೋಡಿ ಎರಡು. ಗಂಡಿನಲ್ಲಿ ಒಂದೇ, ವೈ ವರ್ಣತಂತು ಅಂಟಿಕೊಳ್ಳದೆ ಬಿಡಿಯಾಗಿ ಉಳಿದದ್ದರಿಂದ ಅದರ ಜೊತೆ ಒಂಟಿ ಮೂರನೆಯದೂ ಬೇಕು. ಹಾಗಾಗಿ ಒಟ್ಟು ಏಳು.

ನಾವು ಕೂಡ ಈ ಕಥೆಯ ಹೊರಗಿಲ್ಲ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48 ವರ್ಣತಂತು. ನಮ್ಮಲ್ಲಿ ಎರಡು ಕಡಿಮೆ, ಏಕೆಂದರೆ ಅವುಗಳಲ್ಲಿ ಪ್ರತ್ಯೇಕವಾಗಿರುವ ಎರಡು ವರ್ಣತಂತುಗಳು ನಮ್ಮ ಪೂರ್ವಜರಲ್ಲಿ ಸೇರಿ ಎರಡನೆಯ ವರ್ಣತಂತುವಾದವು. ತುದಿಯಲ್ಲಿ ಇರಬೇಕಾದ ಟೆಲೊಮಿಯರ್ ಸಾಲುಗಳು ಅದರ ಒಡಲಲ್ಲಿ ಮುಖಾಮುಖಿಯಾಗಿ ಕೂತಿರುವುದನ್ನು 1991ರಲ್ಲಿ ಪತ್ತೆ ಮಾಡಿದರು.

ಹಾಗಿದ್ದರೆ ಸಂಖ್ಯೆ ಬದಲಾದರೆ ತೊಂದರೆಯೇ ಇಲ್ಲವೆ? ತೊಂದರೆ ಬರುವುದು ಅಂಡಾಣು, ವೀರ್ಯಾಣು ತಯಾರಾಗುವಾಗ. ಆಗ ತಾಯಿಯ ಕಡೆಯದೂ ತಂದೆಯ ಕಡೆಯದೂ ಜೋಡಿಯಾಗಿ ನಿಂತು ಸಮನಾಗಿ ಹಂಚಿಹೋಗಬೇಕು. ಚೀನಾದಲ್ಲಿ ಎರಡೂ ಕಾಡುಕುರಿಗಳ ಮಿಶ್ರ ಮರಿಗಳು ಹುಟ್ಟಿ, ಬದುಕಿ ಬೆಳೆದವು. ಸಂತಾನ ಮಾತ್ರ ಆಗಲಿಲ್ಲ. ಒಂದು ಕಡೆಯಿಂದ 23, ಇನ್ನೊಂದು ಕಡೆಯಿಂದ ಮೂರೋ ನಾಲ್ಕೋ ಬಂದರೆ ಜೋಡಿ ಕೂಡುವುದಾದರೂ ಹೇಗೆ? ಕುದುರೆಯ 64, ಕತ್ತೆಯ 62 ಸೇರಿ ಹುಟ್ಟಿದ 63ರ ಹೇಸರಗತ್ತೆಯೂ ಸಾಮಾನ್ಯವಾಗಿ ಬಂಜೆ. ಆದರೆ ಮಂಗೋಲಿಯದ ಪ್ರಜ್ವಾಲ್ಸ್ಕಿ ಕಾಡುಕುದುರೆಗೆ 66 ಇದ್ದರೂ ಸಾಕುಕುದುರೆಯೊಂದಿಗೆ ಅದು ಹಡೆದ ಮರಿ ಮತ್ತೆ ಸಂತಾನ ಪಡೆಯುತ್ತದೆ. ಅಲ್ಲಿರುವುದು ಒಂದೇ ಬೆಸುಗೆಯ ವ್ಯತ್ಯಾಸ. ಒಂದು ಉದ್ದನೆಯದಕ್ಕೆ ಎರಡು ಚಿಕ್ಕವು ಆತುಕೊಂಡು ಮೂವರ ಜೋಡಿ ಹೇಗೋ ಹೊಂದಿಕೊಳ್ಳುತ್ತದೆ. ಕಾಡುಕುರಿಯ ವಂಶದಲ್ಲೂ ಬದಲಾವಣೆ ಹೀಗೆ ಒಂದೊಂದೇ ಬೆಸುಗೆಯಾಗಿ, ಸಣ್ಣ ಸಣ್ಣ ಗುಂಪುಗಳಲ್ಲಿ ನೆಲೆಯೂರಿರಬೇಕು. ಒಂದೇ ಏಟಿಗೆ 46 ಹೋಗಿ 6 ಆಗಿದ್ದರೆ ಆ ಪ್ರಾಣಿಗೆ ಸಂಗಾತಿಯೇ ಸಿಗುತ್ತಿರಲಿಲ್ಲ.

ಇದರಿಂದ ನಮಗೇನು ಎನ್ನುವವರಿಗೆ ಎರಡು ಉತ್ತರ. ಕೋಶ ವಿಭಜನೆಯ ಅಧ್ಯಯನಕ್ಕೆ ಕಾಡುಕುರಿಯ ಜೀವಕೋಶಗಳನ್ನು ಪ್ರಯೋಗಾಲಯಗಳಲ್ಲಿ ದಶಕಗಳಿಂದ ಬೆಳೆಸುತ್ತಿದ್ದಾರೆ. 46ರ ಗೋಜಲಿನಲ್ಲಿ ಕಾಣದ ಎಳೆದಾಟ ದಪ್ಪನೆಯ ಆರರಲ್ಲಿ ನಿಚ್ಚಳವಾಗಿ ಕಾಣುತ್ತದೆ. ಎರಡನೆಯದು ಇನ್ನೂ ಹತ್ತಿರದ್ದು. ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಎರಡು ವರ್ಣತಂತುಗಳು ಬೆಸೆದುಕೊಂಡು ಒಟ್ಟು 45 ಇರುತ್ತವೆ. ಅವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ, ಎಷ್ಟೋ ಜನಕ್ಕೆ ಅದು ಗೊತ್ತೂ ಆಗುವುದಿಲ್ಲ. ಕೆಲವರಿಗೆ ಪದೇಪದೇ ಗರ್ಭಪಾತವಾದಾಗ, ಇಲ್ಲವೇ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದು ತಿಳಿದಾಗ, ಕ್ಯಾರಿಯೋಟೈಪ್ ಪರೀಕ್ಷೆಯ ವರದಿಯಲ್ಲಿ ಈ 45 ಎದುರಾಗುತ್ತದೆ. ‘ಒಂದು ಕಡಿಮೆಯಂತೆ’ ಎಂದು ದಂಪತಿ ಕಂಗಾಲಾಗುವುದು, ಮನೆಯವರು ಸೊಸೆಯತ್ತ ಬೊಟ್ಟು ಮಾಡುವುದು ಎರಡೂ ತಪ್ಪು. ಬೆಸುಗೆ ಗಂಡನಲ್ಲೂ ಇರಬಹುದು, ಹೆಂಡತಿಯಲ್ಲೂ ಇರಬಹುದು. ಅದು ಯಾರ ದೋಷವೂ ಅಲ್ಲ. ಇಂಥ ಅನೇಕರು ಆರೋಗ್ಯವಂತ ಮಕ್ಕಳನ್ನು ಪಡೆದಿದ್ದಾರೆ. ವರದಿ ಹಿಡಿದು ತಳಿಶಾಸ್ತ್ರ ಸಲಹೆಗಾರರ ಬಳಿ ಹೋಗಿ ‘ಎಷ್ಟಿವೆ’ ಎಂದು ಕೇಳುವುದಕ್ಕಿಂತ ‘ಯಾವುದು ಯಾವುದಕ್ಕೆ ಬೆಸೆದಿದೆ, ಏನಾದರೂ ಹೆಚ್ಚುಕಡಿಮೆ ಆಗಿದೆಯೇ’ ಎಂದು ಕೇಳಬೇಕು. ಮುಂದಿನ ಗರ್ಭದ ಬಗ್ಗೆ ತೀರ್ಮಾನಿಸಲು ನೆರವಾಗುವುದು ಆ ಉತ್ತರ.