ಭದ್ರಾವತಿಯ ಹತ್ತಿರ ಹಿಮದ ಬೆಟ್ಟವೇಕಿಲ್ಲ?

ಪ್ರಶ್ನೆ: ಚಾರಣ, ಹಿಮಜಾರಾಟ, ಊರಿನ ಕಥೆ – ಮೂರೂ ಒಂದೇ ಕಡೆ ಸಿಗುವ ಬೆಟ್ಟ ನಮ್ಮ ಶಿವಮೊಗ್ಗ–ಭದ್ರಾವತಿ ಕಡೆ ಇದೆಯೇ?

ಉತ್ತರ: ಹಿಮವೊಂದನ್ನು ಬಿಟ್ಟರೆ ಉಳಿದೆರಡೂ ಕೊಡಚಾದ್ರಿಯಲ್ಲಿವೆ. ಹೊಸನಗರ ತಾಲ್ಲೂಕಿನ ಈ ಬೆಟ್ಟದ ಎತ್ತರ 1,343 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿಯಷ್ಟೇ ತಂಪಾಗುತ್ತದೆ; ನಮ್ಮ ಬೆಚ್ಚಗಿನ ಸೀಮೆಯಲ್ಲಿ ಹಿಮ ನಿಲ್ಲಲು ಅದು ಏನೇನೂ ಸಾಲದು. ಹಿಮದ ಮೇಲೆ ಜಾರಬೇಕೆಂದರೆ ಔಲಿಗೋ ಗುಲ್ಮಾರ್ಗಿಗೋ ಹೋಗಬೇಕು.

ಕಥೆಗಳಿಗೆ ಮಾತ್ರ ಬರವಿಲ್ಲ. ಶಂಕರಾಚಾರ್ಯರ ಹಿಂದೆ ದೇವಿ ಈ ಬೆಟ್ಟದಿಂದ ನಡೆದು ಬರುತ್ತಿದ್ದಳಂತೆ. ತಿರುಗಿ ನೋಡಬಾರದೆಂಬುದು ಕರಾರು. ಕೊಲ್ಲೂರಿನಲ್ಲಿ ಗೆಜ್ಜೆಯ ಸದ್ದು ನಿಂತಿತು, ಅವರು ತಿರುಗಿದರು, ಮೂಕಾಂಬಿಕೆ ಅಲ್ಲಿಯೇ ನೆಲೆಸಿದಳು. ಬೆಟ್ಟದ ತುದಿಯ ಪುಟ್ಟ ಕಲ್ಲುಮಂಟಪವೇ ಶಂಕರರ ಸರ್ವಜ್ಞ ಪೀಠ.

ಭದ್ರಾವತಿಯವರು ನೋಡಲೇಬೇಕಾದ್ದು ಕೆಳಗಿನ ಮೂಲ ಮೂಕಾಂಬಿಕೆ ಗುಡಿಯ ಮುಂದಿರುವ ಕಬ್ಬಿಣದ ಕಂಬ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲವದು ಎಂಬುದು ಜನರ ನಂಬಿಕೆ. ಹಳೆಯ ಕುಲುಮೆ ವಿಧಾನದ ಮೆದು ಕಬ್ಬಿಣವೆನ್ನುತ್ತಾರೆ ಲೋಹತಜ್ಞರು. ನಿಮ್ಮೂರ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯುವುದಕ್ಕೆ ಬಹಳ ಮೊದಲೇ ಮಲೆನಾಡಿಗೆ ಈ ವಿದ್ಯೆ ಗೊತ್ತಿತ್ತು!

ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ದಾರಿ ಹಿಡಿದು ಹತ್ತುವುದೇ ಚೆಂದ. ಮಳೆಗಾಲ ಬೇಡ; ಬಂಡೆ ಜಾರುತ್ತದೆ, ಜಿಗಣೆಯೂ ವಿಪರೀತ.