ಹೆತ್ತವರಿಗೂ ಸಾಕುವವರಿಗೂ ನಡುವೆ ಮಾತಿರಲಿ

ರಾಯಚೂರು, ಯಾದಗಿರಿ ಜಿಲ್ಲೆಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುವ ಕುಟುಂಬಗಳು ಶಾಲೆ ಕಲಿಯುವ ಮಕ್ಕಳನ್ನು ಅಜ್ಜಿಯ ಬಳಿಯೋ ಸೋದರಮಾವನ ಮನೆಯಲ್ಲೋ ಬಿಟ್ಟುಹೋಗುವುದು ಹೊಸ ಸಂಗತಿಯಲ್ಲ. ಇದಕ್ಕೆ ಕಾಗದಪತ್ರವಿಲ್ಲ, ಬಾಯಿಮಾತೇ ಎಲ್ಲ. ಬಸ್ಸು ಹೊರಟ ಮೇಲೆ ಆ ಬಾಯಿಮಾತೂ ನಿಂತುಹೋಗುವುದನ್ನು ಆ ಭಾಗದ ಶಾಲೆಯೊಂದರ ಶಿಕ್ಷಕನಾಗಿ ಕಂಡಿದ್ದೇನೆ.

ನಮ್ಮ ಆರನೆಯ ತರಗತಿಯ ಹುಡುಗಿಯೊಬ್ಬಳು ಸೋದರಮಾವನ ಮನೆಯಲ್ಲಿದ್ದಾಳೆ. ತಾಯಿ ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ: ‘ಅತ್ತಿ ಹೊಟ್ಟಿ ತುಂಬ ಉಣ್ಣಾಕ ಕೊಡ್ತಾಳಿಲ್ಲೋ?’ ಇತ್ತ ಅತ್ತೆಯದು: ‘ಈ ತಿಂಗಳ ರೊಕ್ಕ ಬಂದಿಲ್ಲಂತ ನಿಮ್ಮವ್ವಗ ಹೇಳು.’ ಇಬ್ಬರೂ ಕೆಟ್ಟವರಲ್ಲ. ಒಬ್ಬಳಿಗೆ ಮಗಳು ಕೈತಪ್ಪುವ ಅಂಜಿಕೆ. ಇನ್ನೊಬ್ಬಳಿಗೆ ತನ್ನೆರಡು ಮಕ್ಕಳ ಅನ್ನದಲ್ಲೇ ಮೂರನೆಯ ತಟ್ಟೆಗೂ ಬಡಿಸಬೇಕಾದ ಸಂಕಟ. ನಡುವಿನ ಹುಡುಗಿ ಮಾತ್ರ ಯಾರಿಗೆ ಯಾವ ಉತ್ತರ ಹಿತವೋ ಅದನ್ನೇ ಹೇಳಲು ಕಲಿತಳು. ನಾಲ್ಕು ದಿನ ಜ್ವರದಲ್ಲಿ ಮಲಗಿದ್ದರೂ ತಾಯಿಗೆ ತಿಳಿಸಲಿಲ್ಲ, ಜಗಳವಾದೀತೆಂದು. ನನ್ನನ್ನು ಕಾಡಿದ್ದು ಈ ಮೌನ.

ಹೆತ್ತವರು ಅಸಮರ್ಥರೆಂದು ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸಿದಾಗಲೂ, ಮಗುವಿನ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ ಅವರು ಆಗಾಗ ಬಂದು ನೋಡಬಹುದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ. ಅವರು ಮುಂದೆ ಅರ್ಹರೆನಿಸಿದರೆ ಮಗು ಹಿಂದಿರುಗಬಹುದು. ಅಪರಿಚಿತರ ವಿಷಯದಲ್ಲಿ ಕಾನೂನು ತೋರುವ ಈ ವಿವೇಕ ಬಂಧುಗಳ ನಡುವೆ ತಾನಾಗಿಯೇ ಇರುತ್ತದೆಂದು ಭಾವಿಸಿದ್ದೇವೆ. ಇರುವುದಿಲ್ಲ. ಅನಾಥರಾಗಿ ಬಂಧುಗಳ ಮನೆಯಲ್ಲಿ ಬೆಳೆಯುವ ಬಡಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವಿನ ಅವಕಾಶವಿದೆ. ಗುಳೆ ಹೋದವರ ಮಕ್ಕಳು ಮಕ್ಕಳ ಕಲ್ಯಾಣ ಸಮಿತಿಯ ಎದುರು ಬರುವುದೇ ಅಪರೂಪ. ಅವರ ಲೆಕ್ಕವನ್ನು ಎರಡು ಮನೆಗಳೇ ಬಿಡಿಸಿಕೊಳ್ಳಬೇಕು.

ಪಂಚಮಿಗೆ ತಾಯಿ ತವರಿಗೆ ಬಂದಾಗ ನಾದಿನಿ-ಅತ್ತಿಗೆ ಇಬ್ಬರನ್ನೂ ಶಾಲೆಗೆ ಕರೆದೆವು, ಹುಡುಗಿಯನ್ನು ಹೊರಗೆ ಆಡಲು ಬಿಟ್ಟು. ಸಂಧಾನವೆಂಬ ದೊಡ್ಡ ಮಾತು ಬೇಡ. ಫೋನ್ ಬಂದರೆ ಮೊದಲು ದೊಡ್ಡವರಿಬ್ಬರ ಮಾತು, ಆಮೇಲೆ ಮಗುವಿನದು. ಹಣದ ವಿಚಾರ ಅವಳ ಕಿವಿಗೆ ಬೀಳಕೂಡದು. ಕಾಯಿಲೆಯಾದರೆ ಅಂದೇ ತಿಳಿಸಬೇಕು. ಇಷ್ಟಕ್ಕೆ ಇಬ್ಬರೂ ಒಪ್ಪಿದರು. ಏಳುವ ಹೊತ್ತಿಗೆ ಅತ್ತೆ ಕೇಳಿದ ಪ್ರಶ್ನೆಯನ್ನು ಮಾತ್ರ ನಾವು ಯಾರೂ ನಿರೀಕ್ಷಿಸಿರಲಿಲ್ಲ: ‘ನಾಳಿ ಹುಡುಗಿ ಮೈನೆರೆದರ ಶಾಲಿ ಬಿಡಸು ಅಂತಾರ ಮಂದಿ. ನಾ ಯಾರ ಮಾತು ಕೇಳ್ಲಿ, ನೀವ ಹೇಳ್ರಿ ಅಕ್ಕಾ.’

ತಾಯಿ ತುಸು ಹೊತ್ತು ಸುಮ್ಮನಿದ್ದು, ‘ನನ್ನ ಮಾತು ಕೇಳು, ಬಿಡಸಬ್ಯಾಡ’ ಎಂದಳು.

ನಮ್ಮ ದಾಖಲಾತಿ ಪುಸ್ತಕದಲ್ಲಿ ಇಂಥ ಮಕ್ಕಳ ಹೆಸರಿನ ಮುಂದೆ ಸಾಕುವ ಮನೆಯ ಫೋನ್ ನಂಬರಷ್ಟೇ ಇರುತ್ತಿತ್ತು. ಈ ವರ್ಷದಿಂದ ಎರಡನ್ನೂ ಬರೆಯುತ್ತಿದ್ದೇವೆ.