ಗಾಡಿ ಬರುವ ತನಕ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ತೋಟದ ತಲೆಗೊಂದು ಮನೆ, ಗುಡ್ಡದಾಚೆ ಇನ್ನೊಂದು. 108 ಆಂಬುಲೆನ್ಸಿಗೆ ಫೋನ್ ಮಾಡಲು ಸಿಗ್ನಲ್ ಸಿಗುವ ದಿಬ್ಬ ಹುಡುಕಬೇಕಾದ ಜಾಗಗಳು ಈಗಲೂ ಇವೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗಂತೂ ಲಾಂಚ್ ನಿಂತ ಮೇಲೆ ರಾತ್ರಿ ಸುತ್ತುದಾರಿಯೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ಆ ಸಂಕಟ ತಪ್ಪಿತು. ಆದರೆ ಸೇತುವೆ ಬಂದರೂ ಗಾಡಿ ಬರುವ ತನಕದ ಹೊತ್ತು ಮನೆಯವರದ್ದೇ. ಆ ಹೊತ್ತಿನಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಹೆಚ್ಚು.

ಹಾವಿನ ವಿಷಯವನ್ನೇ ನೋಡಿ. ಹುಳ ಮುಟ್ಟಿತು ಎಂದ ಕೂಡಲೇ ಯಾರೋ ಹಗ್ಗ ತರುತ್ತಾರೆ, ಇನ್ಯಾರೋ ಬ್ಲೇಡು. ಎರಡೂ ಬೇಡ. ಬಿಗಿದು ಕಟ್ಟಿದರೆ ರಕ್ತ ಓಡದೆ ಕೈಕಾಲೇ ಕೊಳೆಯಬಹುದು. ಕೊಯ್ದರೆ ಮಂಡಲದ ವಿಷಕ್ಕೆ ಹೆಪ್ಪುಗಟ್ಟದ ರಕ್ತ ನಿಲ್ಲುವುದೇ ಇಲ್ಲ. ಕಚ್ಚಿಸಿಕೊಂಡವರನ್ನು ನಡೆಸದೆ ಮಲಗಿಸಿ. ಊತ ಏರುವ ಮೊದಲೇ ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಮುರಿದ ಕಾಲಿಗೆ ಕಟ್ಟುವ ಹಾಗೆ ಒಂದು ಅಡಿಕೆ ದಬ್ಬೆ ಇಟ್ಟು, ಹಳೆ ಪಂಚೆಯಲ್ಲಿ ಬೆರಳು ತೂರುವಷ್ಟು ಸಡಿಲವಾಗಿ ಸುತ್ತಿ. ಸ್ನಾಯು ಅಲುಗಿದಷ್ಟೂ ವಿಷ ಬೇಗ ಹರಡುತ್ತದೆ. ಕಚ್ಚಿದ ಗಂಟೆ ಬರೆದಿಡಿ. ಹಾವನ್ನು ಹೊಡೆದು ಚೀಲದಲ್ಲಿ ತರಬೇಕಾಗಿಲ್ಲ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರದು, ಗುರುತೂ ಕಾಣದು. ರಾತ್ರಿ ನೆಲದಲ್ಲಿ ಮಲಗಿದವರಿಗೆ ಬೆಳಗಾಗುವಾಗ ಹೊಟ್ಟೆನೋವು ಬಂದು ರೆಪ್ಪೆ ಜೋಲತೊಡಗಿದರೆ ಗ್ಯಾಸ್ಟ್ರಿಕ್ ಎಂದು ಕೂರಬೇಡಿ.

ನಾಟಿ ಔಷಧಿಯಿಂದ ಬದುಕಿದವರಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರೆ. ಅವರಲ್ಲಿ ಹೆಚ್ಚಿನವರನ್ನು ಕಚ್ಚಿದ್ದು ವಿಷವಿಲ್ಲದ ಹಾವು, ಇಲ್ಲವೇ ಆದದ್ದು ವಿಷ ಬಿಡದ ಕಡಿತ. ನಮ್ಮ ದೇಶದ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗೆ. ಆಗುಂಬೆ ಕಾಡಿನ ಕಾಳಿಂಗಕ್ಕೂ ತೋಟದ ಗುಳಿಮಂಡಲಗಳಿಗೂ ಅದನ್ನು ನೆಚ್ಚುವಂತಿಲ್ಲ. ಹಾಗಂತ ಮನೆಯಲ್ಲೇ ಇರುವುದಲ್ಲ. ಉಸಿರಾಟಕ್ಕೂ ಮೂತ್ರಪಿಂಡಕ್ಕೂ ಆಸರೆ ಸಿಗುವುದು ಆಸ್ಪತ್ರೆಯಲ್ಲೇ.

ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವಾಗ, ಆಮೇಲೆ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬೀಳುವುದು ಇಲ್ಲಿನ ಇನ್ನೊಂದು ಆಪತ್ತು. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ತೂಗಿಕೊಂಡು ರಸ್ತೆಗೆ ತರುತ್ತಾರೆ. ಪ್ರೀತಿಯಿಂದಲೇ, ಆದರೆ ಬೆನ್ನುಹುರಿ ಹೋಗಬಹುದಾದದ್ದು ಆಗಲೇ. ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ಒಬ್ಬರು ತಲೆಯನ್ನು ಅಲುಗದಂತೆ ಹಿಡಿದಿರಲಿ; ಉಳಿದವರು ಮೈಯನ್ನು ಒಂದೇ ನೇರದಲ್ಲಿ ಹೊರಳಿಸಿ, ಹಲಗೆಯನ್ನೋ ಕಳಚಿದ ಬಾಗಿಲನ್ನೋ ಅಡಿಗೆ ಸರಿಸಲಿ. ಅಲ್ಯೂಮಿನಿಯಂ ದೋಟಿ ತಂತಿಗೆ ತಗುಲಿದ್ದರೆ ಮೆಸ್ಕಾಂನವರು ಲೈನ್ ತೆಗೆಯುವ ತನಕ ಯಾರೂ ಹತ್ತಿರ ಹೋಗಕೂಡದು.

ಅಡಿಕೆ ಬೇಯಿಸುವ ಹಂಡೆಯ ಚೊಗರು ಮೈಮೇಲೆ ಚೆಲ್ಲಿದರೆ ಮಲೆನಾಡಿನಲ್ಲಿ ಬೇಕಾದಷ್ಟಿರುವ ನೀರೇ ಮೊದಲ ಮದ್ದು: 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟು, ಶಾಯಿ, ಐಸು ಯಾವುದೂ ಬೇಡ.

ಬೇಸಿಗೆಯ ಜ್ವರಕ್ಕೂ ಒಂದು ಎಚ್ಚರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ 2019ರ ಹೊತ್ತಿಗೆ ಸಾಗರದ ಅರಳಗೋಡನ್ನು ಕಂಗೆಡಿಸಿತು. ಅದರಲ್ಲಿ ರಕ್ತಸ್ರಾವ ಆಗಬಹುದಾದ್ದರಿಂದ ಆಸ್ಪಿರಿನ್ ಥರದ ಮಾತ್ರೆ ಅಪಾಯ. ಕಾಡಿಗೆ ದರಕು, ಅಂದರೆ ಒಣ ಎಲೆ, ತರಲು ಹೋಗಿ ಬಂದವರಿಗೆ ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿ.

ಈ ಸಲದ ಕೊಯ್ಲು ಶುರುವಾಗುವ ಮೊದಲೇ ಆಶಾ ಕಾರ್ಯಕರ್ತೆಯನ್ನು ಕೇಳಿ, ಹತ್ತಿರದಲ್ಲಿ ಹಾವಿನ ಪ್ರತಿವಿಷ ಇರುವ ಆಸ್ಪತ್ರೆ ಯಾವುದು, ರಾತ್ರಿ ಅಲ್ಲಿ ವೈದ್ಯರಿರುತ್ತಾರೆಯೇ ಎಂದು ತಿಳಿದುಕೊಂಡು ಕ್ಯಾಲೆಂಡರಿನ ಮೇಲೆ ಬರೆದಿಡಿ. ಪಕ್ಕದಲ್ಲೇ ಊರಲ್ಲಿ ಜೀಪು ಇರುವವರ ನಂಬರೂ ಇರಲಿ.